ಒಡೆಯುತ್ತದೆ ಅಂತ ಗೊತ್ತು, ತುಂಡು ಗೊತ್ತಿಲ್ಲ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ, ಬಸ್ ಬಂತು ಅಂತ ಇಟ್ಟುಬಿಟ್ಟೆ. "ಒಂದು ಸಂಖ್ಯೆ ಅವಿಭಾಜ್ಯ ಅಲ್ಲ ಅನ್ನೋಕೆ ಅದರ ಅಪವರ್ತನ ಸಿಕ್ಕಿರಲೇಬೇಕಲ್ವಾ ಅಮ್ಮಾ?" ಬೇಕಿಲ್ಲ ಕಣೇ.

15 ತಗೋ. 3 × 5 ಅಂತ ಒಡೆಯುತ್ತದೆ, ಆ ಎರಡು ತುಂಡುಗಳನ್ನೂ (ಅಪವರ್ತನಗಳನ್ನೂ) ಸದ್ಯಕ್ಕೆ ಮರೆತುಬಿಡು. ಫ್ರಾನ್ಸಿನ ಗಣಿತಜ್ಞ ಫರ್ಮಾನ ನಿಯಮ ಒಂದಿದೆ. ಯಾವುದೇ ಬೆಸ ಅವಿಭಾಜ್ಯ ಸಂಖ್ಯೆ ಇರಲಿ, ಅದಕ್ಕಿಂತ ಒಂದು ಕಡಿಮೆ ಎರಡುಗಳನ್ನು ಗುಣಿಸಿ, ಬಂದದ್ದನ್ನು ಅದೇ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಬರಲೇಬೇಕು. 7ಕ್ಕೆ ಆರು ಎರಡುಗಳು, 64, ಶೇಷ 1. ಸರಿಹೋಯಿತು. 15ಕ್ಕೆ ಹದಿನಾಲ್ಕು ಎರಡುಗಳು, 16384, ಶೇಷ 4. ಸಿಕ್ಕಿಬಿತ್ತು! ತುಂಡು ಯಾವುದು ಅಂತ ನೋಡದೆಯೇ ಇದು ಅವಿಭಾಜ್ಯ ಅಲ್ಲ ಅಂತ ಹೇಳಿಬಿಟ್ಟೆವು. (ಶೇಷ 1 ಬಂದ ಮಾತ್ರಕ್ಕೆ ನಂಬಬೇಡ. 341 ಇದರಲ್ಲಿ ಪಾಸಾಗುತ್ತದೆ, ಆದರೆ ಅದು 11 × 31.)

ಈಗ ದೊಡ್ಡದಕ್ಕೆ ಬರೋಣ. 67 ಎರಡುಗಳನ್ನು ಗುಣಿಸಿ 1 ಕಳೆದರೆ 147573952589676412927. 21 ಅಂಕಿ. ಇದು ಅವಿಭಾಜ್ಯ ಅಂತ 1644ರಲ್ಲಿ ಫ್ರಾನ್ಸಿನ ಪಾದ್ರಿ ಮೆರ್ಸೆನ್ ಪಟ್ಟಿ ಮಾಡಿದ್ದರು. 1876ರಲ್ಲಿ ಗಣಿತಜ್ಞ ಲ್ಯೂಕಾ ಅದು ಅವಿಭಾಜ್ಯ ಅಲ್ಲ ಅಂತ ತೋರಿಸಿದರು. ಅವರ ಪರೀಕ್ಷೆ ಬೇರೆ, ಧಾಟಿ ಮಾತ್ರ ನಾವು 15ಕ್ಕೆ ಮಾಡಿದ್ದೇ. ಅಪವರ್ತನ ಒಂದೂ ಅವರ ಕೈಯಲ್ಲಿರಲಿಲ್ಲ. ಒಡೆಯುತ್ತದೆ ಅಂತ ಗೊತ್ತಿದ್ದೂ 27 ವರ್ಷ ಯಾರಿಗೂ ಒಡೆಯಲಾಗಲಿಲ್ಲ.

1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅದನ್ನು ಒಡೆದು ತೋರಿಸಿದರು:

193707721 × 761838257287

ಮಾತೇ ಆಡದೆ ಬೋರ್ಡಿನ ಮೇಲೆ ಗುಣಾಕಾರ ಮಾಡಿ ಹೋಗಿ ಕೂತರು, ಜನ ಚಪ್ಪಾಳೆ ತಟ್ಟಿದರು ಅಂತ ಕಥೆ. ಎಷ್ಟು ದಿನ ಹಿಡಿಯಿತು ಅಂದರೆ "ಮೂರು ವರ್ಷದ ಭಾನುವಾರಗಳು" ಅಂದರಂತೆ. ಕಥೆಗೆ ಸ್ವಲ್ಪ ಬಣ್ಣ ಬಿದ್ದಿರಬಹುದು, ಗುಣಾಕಾರ ಮಾತ್ರ ಪಕ್ಕಾ. ಬೇಕಾದರೆ ಒಂಬತ್ತರ ತಾಳೆ ನೋಡು. ಮೊದಲನೆಯದರ ಅಂಕಿ ಕೂಡಿದರೆ 37, ಎರಡನೆಯದು 64, ದೊಡ್ಡದು 109. ಮತ್ತೆ ಮತ್ತೆ ಕೂಡುತ್ತಾ ಹೋಗು, ಮೂರೂ 1ಕ್ಕೇ ಇಳಿಯುತ್ತವೆ. ಇದರಿಂದ ಉತ್ತರ ಸರಿ ಅಂತ ಸಾಬೀತಾಗುವುದಿಲ್ಲ, ತಪ್ಪಿದ್ದರೆ ಬಹಳ ಸಲ ಸಿಕ್ಕಿಬೀಳುತ್ತದೆ ಅಷ್ಟೇ.

ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. ಈ ಸಂಖ್ಯೆಯ ಯಾವ ಅಪವರ್ತನ ತಗೊಂಡರೂ ಅದು 134ರ ಮಗ್ಗಿಗಿಂತ ಒಂದು ಹೆಚ್ಚಿರಲೇಬೇಕು. 134 ಅಂದರೆ 67ರ ಎರಡರಷ್ಟು. ಹಾಗಾದರೆ ಸುಲಭ ಅಂತೀಯಾ? 193707721 ಸಿಗುವುದು ಆ ಮಗ್ಗಿಯ 14,45,580ನೇ ಸಾಲಿನಲ್ಲಿ. ಕೋಲ್ ಒಂದೊಂದಾಗಿ ಭಾಗಿಸುತ್ತಾ ಕೂರಲಿಲ್ಲ. ವರ್ಗ ಸಂಖ್ಯೆಗಳ ಶೇಷ ಹಿಡಿದು, ಸಾಧ್ಯವೇ ಇಲ್ಲದವನ್ನು ಮೊದಲೇ ಜರಡಿ ಹಿಡಿದು ಬಿಟ್ಟರು. ಎಲ್ಲ ಕೈಲೆಕ್ಕ.

ಒಡೆಯುತ್ತದೆ ಅಂತ ತಿಳಿಯುವುದಕ್ಕೂ ತುಂಡು ಹುಡುಕುವುದಕ್ಕೂ ಇರುವ ಈ ಅಂತರ ಇವತ್ತಿಗೂ ಇದೆ. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗರ್‌ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ವಿಧಾನ ಕೊಟ್ಟರು. ಅಂಕಿಗಳು ಹೆಚ್ಚಾದರೂ ಲೆಕ್ಕ ಕೈಮೀರದ ಹಾಗೆ, ಯಾವ ಸಂಖ್ಯೆಯನ್ನು ಕೊಟ್ಟರೂ ಅವಿಭಾಜ್ಯವೋ ಅಲ್ಲವೋ ಖಚಿತವಾಗಿ ಹೇಳುತ್ತದೆ. ತುಂಡು ಕೇಳಿದರೆ ಅದರ ಹತ್ತಿರ ಉತ್ತರವಿಲ್ಲ. ಆರ್‌ಎಸ್‌ಎ ಎಂಬ ಗುಪ್ತಲಿಪಿ ನಿಂತಿರುವುದೇ ಈ ಕಷ್ಟದ ಮೇಲೆ. ಅದರಲ್ಲಿ ಸಾಮಾನ್ಯವಾಗಿ ಬಳಸುವ ಸಂಖ್ಯೆಗಳಿಗೆ ಸುಮಾರು 617 ಅಂಕಿ ಇರುತ್ತದೆ.

ನಿನಗೊಂದು ಕೆಲಸ ಕೊಡುತ್ತೇನೆ. 29 ಎರಡುಗಳನ್ನು ಗುಣಿಸಿ 1 ಕಳೆ, 536870911 ಬರುತ್ತದೆ. ಇದಕ್ಕೆ ಮೂರು ಅವಿಭಾಜ್ಯ ಅಪವರ್ತನಗಳಿವೆ. 58ರ ಮಗ್ಗಿ ಹಿಡಿ, ಒಂದೊಂದಕ್ಕೂ 1 ಕೂಡಿಸಿ ಭಾಗಿಸಿ ನೋಡು. ಮೊದಲನೆಯದು ಬೇಗ ಸಿಗುತ್ತದೆ. ಕ್ಯಾಲ್ಕುಲೇಟರ್ ಬಳಸು, ಪರವಾಗಿಲ್ಲ. ಗೂಗಲ್ ಮಾತ್ರ ಬೇಡ.

ನಿನ್ನ
ಅಮ್ಮ