ನಿನ್ನ ಬಗ್ಗೆ ಬರೆಯಬೇಕು ಅಂತಿರಲಿಲ್ಲ

ಲೇ ಮಹರಾಯ,

ಮೆಸೇಜ್ ಕಳಿಸಿದರೆ ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಊರೆಲ್ಲ ಓದುವ ಹಾಗೆ ಈ ಪತ್ರ. ಉತ್ತರ ಬರದಿದ್ದರೆ ಬಾಳೆಕಾಯಿ ಬಜ್ಜಿಯ ವಿಷಯವನ್ನೂ ಇಲ್ಲೇ ಹಾಕುತ್ತೇನೆ, ಹುಷಾರ್.

ಈಚೆಗೆ ನಿದ್ದೆ ಬರದಿದ್ದಾಗ ರೋಮಿನ ಹಳೇ ಅಚ್ಚುಚಿತ್ರಗಳನ್ನು ನೋಡುತ್ತಾ ಕೂರುತ್ತೇನೆ. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿದ ಚಿತ್ರಗಳು. 16ನೇ ಶತಮಾನದಲ್ಲಿ ಲಾಫ್ರೇರಿ ಎನ್ನುವವನು ರೋಮಿನಲ್ಲಿ ಇವನ್ನು ಬಿಡಿ ಹಾಳೆಯಾಗಿ ಮಾರುತ್ತಿದ್ದ. ಕೊಂಡವರು ತಮಗೆ ಬೇಕಾದಷ್ಟನ್ನು ಆರಿಸಿ ಹೊಲಿಸಿಕೊಳ್ಳುತ್ತಿದ್ದರು. ಹಾಗಾಗಿ ಒಬ್ಬನ ಪುಸ್ತಕದ ಹಾಗೆ ಇನ್ನೊಬ್ಬನದು ಇರುತ್ತಿರಲಿಲ್ಲ.

ಅದರಲ್ಲೊಂದು ಆಂಟೊನೈನಸ್ ಮತ್ತು ಫೌಸ್ಟೀನಾ ದೇವಾಲಯ. ಹೆಂಡತಿ ಫೌಸ್ಟೀನಾ ತೀರಿಕೊಂಡ ಮೇಲೆ ಕ್ರಿ.ಶ. 141ರಲ್ಲಿ ರೋಮಿನ ಚಕ್ರವರ್ತಿ ಆಂಟೊನೈನಸ್ ಅವಳಿಗಾಗಿ ಕಟ್ಟಿಸಿದ್ದು. ಅವನು ಸತ್ತ ಮೇಲೆ ಅವನ ಹೆಸರನ್ನೂ ಸೇರಿಸಿದರು. ಚಿತ್ರದಲ್ಲಿ ಈಗಷ್ಟೇ ಕಟ್ಟಿ ಮುಗಿಸಿದ ಹಾಗಿದೆ. ಆದರೆ ಈ ಚಿತ್ರ ಮಾರುತ್ತಿದ್ದ ಕಾಲಕ್ಕೆ ಅಲ್ಲಿ ನಿಜಕ್ಕೂ ಇದ್ದದ್ದೇನು? ಗುಡಿಯೊಳಗೆ ಚರ್ಚು. ಕಂಬಗಳ ಬುಡ ಮಣ್ಣಿನಲ್ಲಿ. 1540ರಲ್ಲಿ ಪೋಪ್ ಅಲ್ಲಿನ ಫೋರಮ್, ಅಂದರೆ ಹಳೇ ರೋಮಿನ ನಡುಚೌಕ, ಅಗೆದು ಸೇಂಟ್ ಪೀಟರ್ಸ್ ಚರ್ಚಿಗೆ ಕಲ್ಲು ಒಯ್ಯಲು ಅಪ್ಪಣೆ ಕೊಟ್ಟಿದ್ದ. ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಒಂದೇ ಊರು ನೋಡು. ಒಂದು ಕಡೆ ಕಲ್ಲು ಕೀಳುವುದು, ಇನ್ನೊಂದು ಕಡೆ ಇಡೀ ಗುಡಿಯ ಚಿತ್ರ ಮಾರುವುದು.

ಆಮೇಲೆ ಹೊಳೆಯಿತು, ನಾನು ನಿನ್ನ ಬಗ್ಗೆ ಹೇಳುವುದೂ ಹೀಗೇ ಅಲ್ವಾ? ಇಲ್ಲಿ ಓದುವವರಿಗೆಲ್ಲ ಗೊತ್ತಿರುವುದು ಹಾಸ್ಟೆಲ್ ಗೋಡೆ ಹಾರಿದ ನೀನು. ಕೆಲಸ ಬಿಟ್ಟ ಮೇಲೆ ಮನೆಗೆ ಬಂದಿದ್ದೆಯಲ್ಲ, ಆವತ್ತು ಏನೋ ಹೇಳಲು ಬಾಯಿ ತೆರೆದೆ. ನಾನು ವಾರ್ಡನ್ ಕಥೆ ತೆಗೆದೆ. ನಕ್ಕೆ ನೀನು. ಇನ್ನೊಂದು ಸಲ ಶುರು ಮಾಡಿದೆ. ನಾನು ಕಾಫಿ ತರಲು ಎದ್ದೆ. ಬೇಕಂತಲೇ ಎದ್ದದ್ದು ಕಣೋ. ದಣಿದ ಆ ಮುಖ ನನಗೆ ಬೇಕಿರಲಿಲ್ಲ. ಗೋಡೆ ಹಾರುವವನು ಸಾಕಾಗಿದ್ದ.

ಅಯ್ಯೋ, ಇಷ್ಟೆಲ್ಲ ಊರ ಮುಂದೆ ಯಾಕೆ ಬರೆದೆನೋ. ಅಳಿಸೋಣ ಅಂದರೆ ಈಗಾಗಲೇ ನಿನ್ನ ಅತ್ತಿಗೆ ಓದಿರುತ್ತಾರೆ.

ಭಾನುವಾರ ಫೋನ್ ಮಾಡುತ್ತೇನೆ, ಎತ್ತು. ಡ್ಯುಪೆರಾಕ್ ಎನ್ನುವ ಚಿತ್ರಕಾರ 1575ರಲ್ಲಿ ಆ ಪಾಳನ್ನೆಲ್ಲ ಇದ್ದದ್ದು ಇದ್ದ ಹಾಗೇ ಬರೆದು ಪುಸ್ತಕ ಮಾಡಿದ. ನಾನೂ ಅದೇ ದಾರಿ ಹಿಡಿಯಬಹುದು. ಆದರೆ ಆಗ ನನ್ನ ಹೊಟ್ಟೆಯನ್ನೂ ಇದ್ದ ಹಾಗೇ ಬರೆಯಬೇಕಾಗುತ್ತದೆ. ಅಷ್ಟು ದೊಡ್ಡ ತಗಡು ಎಲ್ಲಿ ಸಿಗುತ್ತದೋ!

ನಿನ್ನ,
ಉಪ್ಪಿಟ್ಟು