ಗುಡ್ಡ ಹತ್ತಲಾಗದವರ ಕೋಟೆ: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ರಾಯಚೂರು ಕೋಟೆ ಅಭಿವೃದ್ಧಿ ಆಗಬೇಕು ಅಂತ ನಮ್ಮೂರ ಚಹಾದಂಗಡಿಯಲ್ಲಿ ಯಾರಾದರೂ ಬಾಯಿ ತೆಗೆದರೆ ಸಾಕು, ಮಾತು ಸೀದಾ ಗುಡ್ಡದ ತುದಿಗೇ ಹೋಗುತ್ತದೆ. ಒಬ್ಬರು ರೋಪ್‌ವೇ ಬೇಕು ಅಂದರೆ ಇನ್ನೊಬ್ಬರಿಗೆ ಬಣ್ಣದ ದೀಪ ಬೇಕು, ಮತ್ತೊಬ್ಬರಿಗೆ ಸೆಲ್ಫಿ ಪಾಯಿಂಟು. ನಾನು ಕೇಳುತ್ತಿರುವುದು ಇದಾವುದನ್ನೂ ಅಲ್ಲ. ಗುಡ್ಡದ ಬುಡದಲ್ಲಿ ಏನಿದೆಯೋ ಅದನ್ನು ನಮ್ಮಂಥ ಮುದುಕರು ನಿಂತು, ಕೂತು, ಉಸಿರು ತಗೊಂಡು ನೋಡುವ ಹಾಗೆ ಮಾಡಿಕೊಡಿ. ಅಷ್ಟೇ.

ಈ ಯೋಚನೆ ಬಲವಾದದ್ದು ಶ್ರೀಲಂಕಾದ ಗಾಲ್ ಊರಿಗೆ ಹೋಗಿ ಬಂದ ಮೇಲೆ. ನಾನು ನಿವೃತ್ತ ಮಾಸ್ತರ. ನನ್ನ ಹೆಂಡತಿಗೆ ಎರಡೂ ಮೊಣಕಾಲು ನೋವು. ಕೊಲಂಬೊದಿಂದ ಸಮುದ್ರದ ದಂಡೆಗುಂಟ ಹೋಗುವ ರೈಲು ಹತ್ತಿ ಗಾಲ್‌ನಲ್ಲಿ ಇಳಿದರೆ ಕೋಟೆ ಅಲ್ಲೇ ಹತ್ತಿರ. 1588ರಲ್ಲಿ ಪೋರ್ಚುಗೀಸರು ಶುರು ಮಾಡಿದ್ದು, 1640ರಲ್ಲಿ ಡಚ್ಚರ ಕೈಗೆ ಬಂತು. ಈಗ ಕಾಣುವ ದಪ್ಪ ಗೋಡೆಗಳು ಬಹುಮಟ್ಟಿಗೆ ಅವರವು. 1796ರಲ್ಲಿ ಇಂಗ್ಲಿಷರು ಬಂದರು. ಹಳೆಯ ಬಾಗಿಲಿನ ಒಳಮೈ ಮೇಲೆ ಡಚ್ ಕಂಪನಿಯ ಲಾಂಛನ, ಎರಡು ಸಿಂಹ, ತಲೆಯ ಮೇಲೊಂದು ಹುಂಜ, ಕೆಳಗೆ 1669. ಹೊರಮೈಯಲ್ಲಿ ಇಂಗ್ಲಿಷರ ಮುದ್ರೆ. 1988ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2004ರ ಡಿಸೆಂಬರ್ 26ರ ಸುನಾಮಿ ಹೊರಗಿನ ಹೊಸ ಊರನ್ನು ನೆಲಸಮ ಮಾಡಿದಾಗ ಒಳಗಿದ್ದವರನ್ನು ಬಹಳಮಟ್ಟಿಗೆ ಕಾದದ್ದು ಈ ಗೋಡೆಯೇ.

ಇಷ್ಟೆಲ್ಲ ಓದಿಕೊಂಡೇ ಹೋಗಿದ್ದೆವು. ನಮಗೆ ಹಿತ ಕೊಟ್ಟದ್ದು ಮಾತ್ರ ಬೇರೆ. ಅಲ್ಲಿ ಕೋಟೆಯೊಳಗೆ ಕಾಲಿಡಲು ಟಿಕೆಟ್ಟಿಲ್ಲ. ಒಳಗಿನ ಓಣಿಗಳು ಸಮತಟ್ಟು, ನೇರ. ಒಳಗೆ ಜನ ಇನ್ನೂ ಬದುಕುತ್ತಿದ್ದಾರೆ: ಶಾಲೆ, ನ್ಯಾಯಾಲಯ, ಅಂಗಡಿ, ದೀಪಸ್ತಂಭದ ಎದುರಿಗೆ ಚರ್ಚಿನ ಹಾಗೆ ಕಾಣುವ ಒಂದು ಮಸೀದಿ. ದಣಿವಾದರೆ ಯಾವುದಾದರೂ ಜಗಲಿಯ ನೆರಳು ಸಿಗುತ್ತದೆ. ಹೊತ್ತು ಇಳಿದ ಮೇಲೆ ಗೋಡೆ ಮೇಲಿನ ಹುಲ್ಲು ಹಾದಿಯಲ್ಲಿ ನಡೆದೆವು. ಎಡಗಡೆ ಊರು, ಬಲಗಡೆ ಸಮುದ್ರ. ಟೆಸ್ಟ್ ಪಂದ್ಯ ಇದ್ದಾಗ ಜನ ಇದೇ ಗೋಡೆ ಮೇಲೆ ಕೂತು ಕೆಳಗಿನ ಮೈದಾನದ ಕ್ರಿಕೆಟ್ ನೋಡುತ್ತಾರಂತೆ. ನಮ್ಮವಳು ಪ್ರತಿ ಬುರುಜಿಗೂ ಕೂತಳು, ಯಾರೂ ಏಳಿ ಅನ್ನಲಿಲ್ಲ. ಅಲ್ಲೂ ಎಲ್ಲ ಸರಿ ಇದೆ ಅಂತಲ್ಲ. ಗೋಡೆಯಂಚಿಗೆ ಎಷ್ಟೋ ಕಡೆ ಕಟಾಂಜನವೇ ಇಲ್ಲ, ಕಣ್ಣು ಮಂಜಾದವರು ಕತ್ತಲಾದ ಮೇಲೆ ಅತ್ತ ಸುಳಿಯಬಾರದು. ಮಧ್ಯಾಹ್ನದ ಬಿಸಿಲೂ ಬೆವರಿಳಿಸುತ್ತದೆ, ನಮ್ಮ ಮೇ ತಿಂಗಳ ಮುಂದೆ ಅದು ಏನೂ ಅಲ್ಲ ಬಿಡಿ.

ಈಗ ರಾಯಚೂರಿಗೆ ಬನ್ನಿ. ನಮ್ಮಲ್ಲಿ ಸಮುದ್ರವಿಲ್ಲ, ಆಕಡೆ ಕೃಷ್ಣೆ, ಈಕಡೆ ತುಂಗಭದ್ರೆ. ಆದರೆ ಗಾಲ್‌ನ ಮೊದಲ ಕಲ್ಲು ಬೀಳುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ, 1294ರಲ್ಲಿ, ಕಾಕತೀಯರ ಕಾಲದಲ್ಲಿ ನಮ್ಮ ಒಳಕೋಟೆ ಎದ್ದಿತ್ತು. ಗಾರೆ ಇಲ್ಲ, ಸುಣ್ಣ ಇಲ್ಲ. ಕಲ್ಲಿನ ಮೇಲೆ ಕಲ್ಲು ಕೂತಿದೆ, ಅಷ್ಟೇ. 1520ರಲ್ಲಿ ಈ ಕೋಟೆಗಾಗಿಯೇ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ಯುದ್ಧವಾಯಿತು. ರಾಯನ ಕಡೆಯಿಂದ ಗೋಡೆ ಮೇಲಿನ ಕಾವಲಿನವರ ಮೇಲೆ ಗುಂಡು ಹಾರಿಸಿದವರಲ್ಲಿ ಪೋರ್ಚುಗೀಸ್ ಬಂದೂಕುಗಾರರಿದ್ದರು. ಗಾಲ್‌ನ ಗೋಡೆ ಮೇಲೆ ನಿಂತಾಗ ನನಗೆ ಇದು ನೆನಪಾಗಿ ನಗು ಬಂತು.

ನಮ್ಮ ಕೋಟೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗುಡ್ಡದ ಮೇಲಿನ ಫಿರಂಗಿಯಲ್ಲ, ಕೆಳಗಿನ ಒಂದು ಕಲ್ಲು. ಉದ್ದ ಸುಮಾರು 41 ಅಡಿ, ಮೈತುಂಬ ಶಾಸನ. ಅಷ್ಟು ದೊಡ್ಡ ಕಲ್ಲನ್ನು ತಂದದ್ದು ಹೇಗೆ ಅಂತ ಮೊಮ್ಮಕ್ಕಳು ಕೇಳಿದರೆ ಉತ್ತರವೂ ಗೋಡೆ ಮೇಲೇ ಇದೆ. ಬಂಡಿ ಮೇಲೆ ಉದ್ದನೆಯ ಬಂಡೆ, ಮುಂದೆ ಸಾಲಾಗಿ ಕೋಣಗಳು, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳು. ತೆಳುವಾದ ಗೀರಿನ ಚಿತ್ರ. ಹತ್ತಿರ ಹೋಗಿ, ಕಣ್ಣು ಹೊಂದಿಸಿಕೊಂಡು, ಸಾವಕಾಶ ನೋಡಿದರೇ ಕಾಣುತ್ತದೆ. ಸಾವಕಾಶ ನೋಡುವುದು ಎಂದರೆ ನಮ್ಮ ವಯಸ್ಸಿನಲ್ಲಿ ಕೂತು ನೋಡುವುದು, ಸ್ವಾಮಿ.

ಇದೊಂದೇ ಅಲ್ಲ. ನವರಂಗ ದರ್ವಾಜಾ, ಮೆಕ್ಕಾ ದರ್ವಾಜಾ, ಕಾಟಿ ದರ್ವಾಜಾ, 1513ರ ಏಕ್ ಮಿನಾರ್ ಮಸೀದಿಯ ಆ ಒಂಟಿ ಮಿನಾರು, ಇವುಗಳಲ್ಲಿ ಯಾವುದಕ್ಕೂ ಗುಡ್ಡ ಹತ್ತಬೇಕಿಲ್ಲ. ಬಸ್ ನಿಲ್ದಾಣದಿಂದ ಹೊರಟು ಒಂದು ಬೆಳಗಿನಲ್ಲಿ ಮುಗಿಸಬಹುದು. ಬೇಕಾಗಿರುವುದು ಬಾಗಿಲಿನಿಂದ ಬಾಗಿಲಿಗೆ ಎಡವದೆ ನಡೆಯುವ ಹಾದಿ, ಅದರ ಪಕ್ಕ ಬೆನ್ನಿಗೆ ಆಸರೆ ಇರುವ ಬೆಂಚು, ಬೇವಿನ ನೆರಳು. ಬೀಗ ಹಾಕದ ಶೌಚಾಲಯ ಬೇಕು. ಅದಿಲ್ಲ ಅಂತ ಗೊತ್ತಾದರೆ ನಮ್ಮ ಮನೆ ಹೆಣ್ಣುಮಕ್ಕಳು ನೀರೇ ಕುಡಿಯದೆ ಹೊರಡುತ್ತಾರೆ, ಈ ಬಿಸಿಲಿನಲ್ಲಿ ಅದರ ಫಲ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕನ್ನಡದ ಫಲಕ ಕನ್ನಡಕ ಒರೆಸದೆ ಓದುವಷ್ಟು ದಪ್ಪ ಅಕ್ಷರದಲ್ಲಿರಲಿ. ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೇ ಮಾರ್ಗದರ್ಶಿ ಸಿಗಲಿ, ಹತ್ತರ ಮೇಲೆ ಬಂದು ಏನು ನೋಡುವುದು?

ಗೋಡೆಗೆ ಆತುಕೊಂಡೇ ಬದುಕುತ್ತಿರುವವರನ್ನು ಎಬ್ಬಿಸಿ ಈ ಕೆಲಸ ಆಗಬೇಕು ಅಂತ ನಾನು ಹೇಳುತ್ತಿಲ್ಲ. ಗಾಲ್ ಚೆಂದ ಕಾಣುವುದೇ ಅಲ್ಲಿ ಒಗೆದ ಬಟ್ಟೆ ಒಣಗುವುದರಿಂದ. ಇಲ್ಲಿನವರೂ ಚಹಾ, ಮಂಡಾಳು, ಮಿರ್ಚಿ ಮಾರಿಕೊಂಡು ಇರಲಿ, ಕೂತವರಿಗೆ ತಿನ್ನಲು ಏನಾದರೂ ಬೇಕಲ್ಲ. ಹಾಗೆಯೇ ಹಳೆಯ ಕಲ್ಲಿಗೆ ಒಂದು ಮೊಳೆಯೂ ಬೀಳದಂತೆ, ಬೆಂಚು ಎಲ್ಲಿ ಬರಬೇಕು ಅನ್ನುವುದನ್ನು ಪುರಾತತ್ವದವರೇ ತೋರಿಸಲಿ.

ರೋಪ್‌ವೇ ಬೇಕಾದರೆ ಆಮೇಲೆ ನೋಡೋಣ. ಮುಂದಿನ ಬೇಸಿಗೆಗೆ ಮೊದಲು ಆ ಶಾಸನದ ಕಲ್ಲಿನ ಎದುರಿಗೆ ಎರಡು ಬೆಂಚು ಹಾಕಿಸಿ. ಅದಕ್ಕೆ ದೊಡ್ಡ ಯೋಜನಾ ವರದಿ ಬೇಕಿಲ್ಲ ಅಂದುಕೊಂಡಿದ್ದೇನೆ. ಬೇಕು ಅನ್ನುವುದಾದರೆ ನಾವು ಕೆಲವು ನಿವೃತ್ತರು ಸೇರಿ ಬರೆದು ಕೊಡುತ್ತೇವೆ, ನಮಗೆ ಹೊತ್ತಿದೆ.

ಇಂತಿ,
ಕೋಟೆ ಊರಿನ ಒಬ್ಬ ನಿವೃತ್ತ ಮಾಸ್ತರ,
ರಾಯಚೂರು