ಒಂಬತ್ತನೇ ನಂಬರಿನ ಹುಡುಗನ ವಿಚಾರ

ಶಾರ್ಲಟ್, ನಾರ್ತ್ ಕ್ಯಾರೊಲಿನಾ
26 ಅಕ್ಟೋಬರ್ 2024, ಶನಿವಾರ

ತೀರ್ಥರೂಪು ಅಪ್ಪನವರಿಗೆ,

ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀವೂ ಅಮ್ಮನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಹೋದ ತಿಂಗಳ ಚಂಡಮಾರುತದ ಬಗ್ಗೆ ಅಮ್ಮ ಇನ್ನೂ ಕೇಳುತ್ತಲೇ ಇದ್ದಾಳೆ. ಆಶ್‌ವಿಲ್ ಕಡೆಯ ಬೆಟ್ಟದೂರುಗಳಿಗೆ ಬಂದ ಗತಿ ನಮ್ಮ ಬಡಾವಣೆಗೆ ಬರಲಿಲ್ಲ, ನಮಗೆ ಬರೀ ಮಳೆ, ಒಂದು ರಾತ್ರಿ ಕರೆಂಟ್ ಇರಲಿಲ್ಲ ಅಷ್ಟೆ ಎಂದು ಅವಳಿಗೆ ಇನ್ನೊಮ್ಮೆ ಹೇಳಿ.

ಇವತ್ತು ಬೆಳಗ್ಗೆ ಎದ್ದು ಕಾಫಿಗೆ ನೀರಿಡುವ ಮೊದಲೇ ಪುಣೆಯಲ್ಲಿ ನ್ಯೂಜಿಲೆಂಡ್ ಜೊತೆಗಿನ ಟೆಸ್ಟ್ ಸ್ಕೋರ್ ನೋಡಿದೆ. 113 ರನ್ನಿನಿಂದ ಸೋಲು, ಸರಣಿಯೂ ಹೋಯಿತು. ನೀವು ಟಿ.ವಿ. ಆರಿಸಿ ಜಗಲಿಗೆ ಹೋಗಿ ಕೂತಿರುತ್ತೀರಿ ಅಂತ ನನಗೆ ಗೊತ್ತು. ಗುರುವಾರ ಫೋನಿನಲ್ಲಿ ರಾಹುಲ್ ವಿಚಾರಕ್ಕೆ ಎಷ್ಟು ನೊಂದುಕೊಂಡಿದ್ದಿರಿ! ಚಿನ್ನಸ್ವಾಮಿಯಲ್ಲಿ ಇಡೀ ತಂಡ 46ಕ್ಕೆ ಮಕಾಡೆ ಮಲಗಿತು, ತೆಗೆದಿದ್ದು ಮಾತ್ರ ನಮ್ಮ ಹುಡುಗನನ್ನ ಅಂದಿರಿ. ಅವನು ಹೊಡೆದದ್ದು 0 ಮತ್ತು 12, ಸರ್ಫರಾಜ್ ಎರಡನೇ ಇನಿಂಗ್ಸ್‌ನಲ್ಲಿ 150 ಹೊಡೆದಿದ್ದಾನಲ್ಲ ಅಪ್ಪ ಅಂದರೆ, "ಆಯ್ತು ಬಿಡಮ್ಮ" ಅಂತ ಫೋನ್ ಅಮ್ಮನಿಗೆ ಕೊಟ್ಟಿರಿ. ಆಗ ನಾನು ಹೇಳಬೇಕೆಂದಿದ್ದು ಬೇರೆಯೇ ಇತ್ತು. ಇಲ್ಲಿ ನಮ್ಮ ಶಾರ್ಲಟ್‌ನಲ್ಲೂ ಆರು ವಾರದಿಂದ ಇದೇ ಜಗಳ ನಡೆದಿದೆ, ಆಟ ಮಾತ್ರ ಬೇರೆ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಇಲ್ಲಿಯ ಫುಟ್‌ಬಾಲ್ ನಿಮಗೆ ಗೊತ್ತಿಲ್ಲ. ಆದರೆ ಮೂವತ್ತು ವರ್ಷ ವಾಲಿಬಾಲ್ ಕಲಿಸಿದ ಡ್ರಿಲ್ ಮೇಷ್ಟ್ರಿಗೆ ಅದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಕ್ವಾರ್ಟರ್‌ಬ್ಯಾಕ್ ಅಂದರೆ ಹೊಡೆಯುವವನಿಗೆ ಚೆಂಡು ಎತ್ತಿಕೊಡುವ ನಿಮ್ಮ ಲಿಫ್ಟರ್ ಅಂದುಕೊಳ್ಳಿ. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೇ ಬರಬೇಕು, ಯಾರಿಗೆ ಕೊಡಬೇಕು, ಎಷ್ಟು ಎತ್ತರಕ್ಕೆ, ಯಾವ ಕ್ಷಣಕ್ಕೆ ಅನ್ನುವುದೆಲ್ಲ ಅವನ ತಲೆಯಲ್ಲಿ. ಅವನ ಮುಂದೆ ಐದು ಜನ ದೈತ್ಯರು ಗೋಡೆಯ ಹಾಗೆ ನಿಂತು ಎದುರಾಳಿಗಳನ್ನು ತಡೆಯುತ್ತಾರೆ. ಆ ಗೋಡೆ ಎರಡೂವರೆ ಮೂರು ಸೆಕೆಂಡ್ ನಿಂತರೆ ಅವನು ಚೆಂಡು ಎಸೆಯುತ್ತಾನೆ, ನಿಲ್ಲದಿದ್ದರೆ ನೆಲಕ್ಕೆ ಬೀಳುತ್ತಾನೆ. ಹಾಗೆ ಕೆಡವುವುದಕ್ಕೆ ಸ್ಯಾಕ್ ಅನ್ನುತ್ತಾರೆ. ವರ್ಷಕ್ಕೆ ಹದಿನೇಳೇ ಪಂದ್ಯ, ವಾರಕ್ಕೊಂದು. ಸೋತರೆ ಇಡೀ ವಾರ ಊರಿಗೆ ಅದೇ ಮಾತು.

ನಮ್ಮ ತಂಡ ಪ್ಯಾಂಥರ್ಸ್. 2015ರಲ್ಲಿ, ಆಗ ವರ್ಷಕ್ಕೆ ಹದಿನಾರೇ ಪಂದ್ಯ, ಅದರಲ್ಲಿ ಹದಿನೈದು ಗೆದ್ದು ಫೈನಲ್ ಆದ ಸೂಪರ್ ಬೌಲ್‌ವರೆಗೆ ಹೋದವರು. ಗೆಲುವು ಹೆಚ್ಚಾಗಿ ಸೋಲು ಕಡಿಮೆಯಾದ ಕೊನೆಯ ವರ್ಷ ಅಂದರೆ 2017. ಕ್ಯಾಮ್ ನ್ಯೂಟನ್ ಹೋದ ಮೇಲೆ ವರ್ಷಕ್ಕೊಬ್ಬ ಹೊಸ ಕ್ವಾರ್ಟರ್‌ಬ್ಯಾಕ್: 2020ರಲ್ಲಿ ಬ್ರಿಡ್ಜ್‌ವಾಟರ್, 2021ರಲ್ಲಿ ಡಾರ್ನಾಲ್ಡ್, 2022ರಲ್ಲಿ ಮೇಫೀಲ್ಡ್. 2023ರಲ್ಲಿ ಬಂದವನೇ ಈ ಬ್ರೈಸ್ ಯಂಗ್, ಒಂಬತ್ತನೇ ನಂಬರಿನ ಹುಡುಗ. ಅಲಬಾಮಾ ವಿಶ್ವವಿದ್ಯಾಲಯಕ್ಕೆ ಆಡುವಾಗ 2021ರಲ್ಲಿ ಹೈಸ್‌ಮನ್ ಪ್ರಶಸ್ತಿ ಗೆದ್ದವನು. ಕಾಲೇಜು ಫುಟ್‌ಬಾಲ್‌ನಲ್ಲಿ ಅದಕ್ಕಿಂತ ದೊಡ್ಡ ಗೌರವವಿಲ್ಲ. ಎತ್ತರ ಐದು ಅಡಿ ಹತ್ತು ಇಂಚು. ನಮ್ಮ ಭದ್ರಾವತಿಯಲ್ಲಿ ಅದು ಒಳ್ಳೆ ಎತ್ತರವೇ. ಇಲ್ಲಿ ಅವನ ಮುಂದೆ ನಿಲ್ಲುವ ರಾಬರ್ಟ್ ಹಂಟ್ ಆರೂವರೆ ಅಡಿ ಆಳು, ಅವನ ಹೆಗಲ ಮೇಲಿಂದ ನೋಡಿ ಚೆಂಡು ಎಸೆಯಬೇಕು.

ಈ ಹುಡುಗನಿಗಾಗಿ ತಂಡ ಕೊಟ್ಟ ಬೆಲೆ ಕೇಳಿ. ಇಲ್ಲಿ ಪ್ರತಿ ವರ್ಷ ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಮೊದಲ ಸರದಿ ಶಿಕಾಗೊದವರ ಕೈಲಿತ್ತು. ಅದನ್ನು ಪಡೆಯಲು ನಮ್ಮವರು ತಮ್ಮ ಒಂಬತ್ತನೇ ಸರದಿ, ಅರವತ್ತೊಂದನೇ ಸರದಿ, ಮರುವರ್ಷದ ಮೊದಲ ಸುತ್ತಿನ ಸರದಿ, ಅದರ ಮುಂದಿನ ವರ್ಷದ ಎರಡನೇ ಸುತ್ತಿನದು, ಇದರ ಮೇಲೆ ತಂಡದ ಅತ್ಯುತ್ತಮ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಡಿ.ಜೆ. ಮೂರ್ ಅವನನ್ನೂ ಕೊಟ್ಟರು. ಕಣಜ ಖಾಲಿ ಮಾಡಿ ಒಂದು ಎತ್ತು ತಂದ ಹಾಗೆ. ಅದನ್ನು ಕಟ್ಟಲು ಗೂಟ ಇಲ್ಲ, ಹೂಡಲು ನೇಗಿಲಿಲ್ಲ. ಮೊದಲ ವರ್ಷ ಯಂಗ್‌ನನ್ನು 62 ಸಲ ಕೆಡವಿದರು. ಅರವತ್ತೆರಡು ಸಲ, ಅಪ್ಪ. 120 ಕೆ.ಜಿ. ಆಳುಗಳು ಓಡಿ ಬಂದು ಮೇಲೆ ಬೀಳುವುದು. ಹದಿನೇಳರಲ್ಲಿ ಎರಡೇ ಗೆಲುವು. ಕೋಚ್‌ನನ್ನು ಹನ್ನೊಂದು ಪಂದ್ಯಕ್ಕೇ ಮನೆಗೆ ಕಳಿಸಿದರು. ಅತ್ತ ಇವನ ನಂತರ ಎರಡನೆಯವನಾಗಿ ಹ್ಯೂಸ್ಟನ್ ಸೇರಿದ ಸಿ.ಜೆ. ಸ್ಟ್ರೌಡ್ ವರ್ಷದ ಶ್ರೇಷ್ಠ ಹೊಸಬ ಅನ್ನಿಸಿಕೊಂಡ. ಹೋಲಿಸಿ ಹೋಲಿಸಿ ಜನ ಈ ಹುಡುಗನನ್ನು ಹುರಿದು ಮುಕ್ಕಿದರು.

ಈ ವರ್ಷ ಹೊಸ ಕೋಚ್ ಡೇವ್ ಕನಾಲೆಸ್. ಮೊದಲ ಪಂದ್ಯ 47-10ರಲ್ಲಿ ಸೋಲು. ಎರಡನೆಯದಕ್ಕೆ, ಸೆಪ್ಟೆಂಬರ್ 15ರಂದು, ನಾವೇ ಸ್ಟೇಡಿಯಂಗೆ ಹೋಗಿದ್ದೆವು. ಅಲ್ಲಿ ಪ್ರತಿ ಪಂದ್ಯಕ್ಕೆ ಮುಂಚೆ ದೊಡ್ಡದೊಂದು ನಗಾರಿ ಬಾರಿಸುತ್ತಾರೆ. ಸ್ಯಾಮ್ ಮಿಲ್ಸ್ ಅಂತ ಒಬ್ಬ ಆಟಗಾರ ಇದ್ದ, ಆಮೇಲೆ ಕೋಚ್ ಆದ. ಕ್ಯಾನ್ಸರ್ ಇದ್ದಾಗಲೂ ಹುಡುಗರ ಮುಂದೆ ನಿಂತು "ಬಡಿಯುತ್ತಲೇ ಇರಿ" ಅಂದಿದ್ದನಂತೆ. ಆ ಮಾತಿನ ನೆನಪಿಗೆ ನಗಾರಿ. ಅದರ ಸದ್ದು ಎದೆಗೆ ಬಂದು ತಾಗುತ್ತದೆ. ಆ ದಿನ ಯಂಗ್ ಇಡೀ ಪಂದ್ಯದಲ್ಲಿ ಎಸೆದು ಚೆಂಡನ್ನು ಮುಂದೆ ಸಾಗಿಸಿದ್ದು ಬರೀ 84 ಗಜ. 26-3ರಲ್ಲಿ ಸೋತೆವು. ಪಂದ್ಯದ ಮುಕ್ಕಾಲು ಭಾಗ ಮುಗಿಯುವಷ್ಟರಲ್ಲಿ ನಮ್ಮ ಸುತ್ತ ಕೂತವರೆಲ್ಲ ಊಳಿಡಲು ಶುರು ಮಾಡಿದರು. ಎದುರು ಸಾಲಿನಲ್ಲಿ ಒಂಬತ್ತನೇ ನಂಬರಿನ ಜೆರ್ಸಿ ಹಾಕಿಕೊಂಡ ಮಗುವೊಂದಿತ್ತು, ಆರೇಳು ವರ್ಷ ಇರಬಹುದು. ಅದು ಅಪ್ಪನ ಮುಖ ನೋಡಿತು, ಸುತ್ತಲಿನವರನ್ನು ನೋಡಿತು, ಆಮೇಲೆ ಸೆಕೆಯಲ್ಲೂ ಸ್ವೆಟರ್ ಕೊಡು ಅಂತ ಅಮ್ಮನನ್ನು ಕೇಳಿ ಜೆರ್ಸಿಯ ಮೇಲೆ ಹಾಕಿಕೊಂಡು ಜಿಪ್ ಎಳೆದುಕೊಂಡಿತು. ನನಗೆ ಅದನ್ನು ನೋಡಲು ಆಗಲಿಲ್ಲ.

ಮರುದಿನವೇ ಯಂಗ್‌ನನ್ನು ಕೂರಿಸಿ ಆಂಡಿ ಡಾಲ್ಟನ್‌ನನ್ನು ಆಡಿಸುವುದಾಗಿ ಹೇಳಿದರು. ಡಾಲ್ಟನ್‌ಗೆ ಮೂವತ್ತಾರು ವರ್ಷ, 2011ರಿಂದ ಆಡುತ್ತಿರುವವನು, ಶಾಂತ ಮನುಷ್ಯ. ಅವನು ಹೋದ ಕೂಡಲೇ ಲಾಸ್ ವೇಗಸ್‌ನಲ್ಲಿ 36-22ರಿಂದ ಗೆದ್ದ, 319 ಗಜ, ಮೂರು ಟಚ್‌ಡೌನ್ ಪಾಸ್, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತರುವ ಎಸೆತ. ಊರಿಗೆ ಜೀವ ಬಂತು. ಅಲ್ಲಿಂದ ನಮ್ಮ ಮನೆಯಲ್ಲೂ ಎರಡು ಪಕ್ಷ.

ಇವರು ಡಾಲ್ಟನ್ ಕಡೆ. ಪಕ್ಕದ ಮನೆಯ ತಾತನೂ ಹಾಗೇ, 1996ರಲ್ಲಿ ಸ್ಟೇಡಿಯಂ ಶುರುವಾದಾಗಿನಿಂದ ಟಿಕೆಟ್ ಇಟ್ಟುಕೊಂಡವರು. ಅವರ ಮಾತನ್ನು ನಾನು ತಳ್ಳಿಹಾಕಲಾರೆ. "ತಂಡದಲ್ಲಿ ಐವತ್ಮೂರು ಜನ ಇದ್ದಾರೆ. ಒಬ್ಬ ಕಲಿಯಲಿ ಅಂತ ಉಳಿದ ಐವತ್ತೆರಡು ಜನರ ವರ್ಷ ಹಾಳು ಮಾಡೋದು ನ್ಯಾಯವೇನಮ್ಮ? ರಿಸೀವರ್ ಓಡುತ್ತಾನೆ, ಮೈ ನೋಯಿಸಿಕೊಳ್ಳುತ್ತಾನೆ, ಚೆಂಡೇ ಬರದಿದ್ದರೆ ಅವನ ಗತಿ?" ಅನ್ನುತ್ತಾರೆ. ಇವರದು ಇನ್ನೂ ನೇರ: ಯಂಗ್ ಇದ್ದ ಎರಡು ಪಂದ್ಯದಲ್ಲಿ ಒಟ್ಟು 13 ಅಂಕ, ಡಾಲ್ಟನ್ ಒಂದೇ ಪಂದ್ಯದಲ್ಲಿ 36. ಲೆಕ್ಕ ಸರಿಯಾಗಿಯೇ ಇದೆ.

ಆದರೆ ಆಮೇಲಿನ ನಾಲ್ಕು ವಾರ ಏನಾಯಿತು? ಸಿನ್ಸಿನ್ಯಾಟಿ, ಶಿಕಾಗೊ, ಅಟ್ಲಾಂಟಾ, ವಾಷಿಂಗ್ಟನ್, ನಾಲ್ಕೂ ಸೋಲು. ಶಿಕಾಗೊದಲ್ಲಿ ನಾವು ಕೊಟ್ಟ ಡಿ.ಜೆ. ಮೂರ್‌ನೇ ನಮ್ಮ ಮೇಲೆ ಎರಡು ಟಚ್‌ಡೌನ್ ಹೊಡೆದ. ಅವನಿಗೆ ಎಸೆದವನು ಕೇಲೆಬ್ ವಿಲಿಯಮ್ಸ್, ಅವನೂ ನಾವು ಕೊಟ್ಟ ಸರದಿಯಲ್ಲೇ ಅವರಿಗೆ ಸಿಕ್ಕವನು. ಹೋದ ಭಾನುವಾರ ವಾಷಿಂಗ್ಟನ್‌ನಲ್ಲಿ 40-7. ನಾನು ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಕೂಡಿ ನೋಡಿದೆ. ಏಳು ಪಂದ್ಯದಲ್ಲಿ ಎದುರಾಳಿಗಳು ನಮ್ಮ ಮೇಲೆ ಹೊಡೆದದ್ದು 243 ಅಂಕ. ಡಾಲ್ಟನ್ ಆಡಿದ ಐದರಲ್ಲೇ 170, ಪಂದ್ಯಕ್ಕೆ 34. ಎದುರಾಳಿಯನ್ನು ತಡೆಯುವುದು ಕ್ವಾರ್ಟರ್‌ಬ್ಯಾಕ್ ಕೆಲಸವೇ ಅಲ್ಲ, ಆಗ ಅವನು ಬೆಂಚಿನ ಮೇಲೆ ಕೂತಿರುತ್ತಾನೆ. ತಡೆಯುವ ಕಡೆಯ ಬಲಗೈ ಡೆರಿಕ್ ಬ್ರೌನ್ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು ಮಾಡಿಕೊಂಡು ವರ್ಷಪೂರ್ತಿ ಹೊರಗೆ. ಶಾಕ್ ಥಾಂಪ್ಸನ್‌ಗೆ ಹಿಮ್ಮಡಿಯ ನರ ಹರಿಯಿತು. ಚೆಂಡನ್ನು ಕೊಡುವ ಸೆಂಟರ್ ಕಾರ್ಬೆಟ್‌ಗೆ ತೋಳು. ಇಷ್ಟೆಲ್ಲ ಇರುವಾಗ ಯಾರು ಲಿಫ್ಟರ್ ಅನ್ನುವುದೊಂದೇ ಊರಿನ ಚರ್ಚೆ.

ನನಗೆ ಆವತ್ತಿನ ಶಿವಮೊಗ್ಗ ನೆನಪಾಯಿತು. ನೀವು ಮರೆತಿಲ್ಲ, ಅದೂ ನನಗೆ ಗೊತ್ತು. ಜಿಲ್ಲಾ ಮಟ್ಟದ ಫೈನಲ್, ನಾನು ಆಗ ಐದನೇ ಕ್ಲಾಸು, ನೀರಿನ ಕೊಡದ ಪಕ್ಕ ಕೂತಿದ್ದೆ. ನಿಮ್ಮ ಲಿಫ್ಟರ್ ಆ ಗಿಡ್ಡ ಹುಡುಗ. ಹಿಂದಿನಿಂದ ಒಂದು ಪಾಸೂ ನೆಟ್ಟಗೆ ಬರಲಿಲ್ಲ, ಅವನು ನೆಟ್ಟಿನ ಕೆಳಗೆಲ್ಲ ಉರುಳಿ ಉರುಳಿ ಚೆಂಡು ಎತ್ತುತ್ತಿದ್ದ. ಎರಡನೇ ಸೆಟ್ಟಿನಲ್ಲಿ ನೀವು ಅವನನ್ನು ತೆಗೆದು ಎತ್ತರದವನನ್ನು ಹಾಕಿದಿರಿ. ಆದರೂ ಸೋತೆವು. ಅವನು ಕಂಬದ ಹತ್ತಿರ ಕೂತು ಮೊಣಕೈಗೆ ಅಂಟಿದ್ದ ಮಣ್ಣನ್ನು ಕೆರೆದು ಕೆರೆದು ತೆಗೆಯುತ್ತಿದ್ದ, ಬಸ್ಸು ಹತ್ತುವವರೆಗೂ ತಲೆ ಎತ್ತಲಿಲ್ಲ. ಮುಂದಿನ ವರ್ಷ ಅವನು ಗ್ರೌಂಡಿಗೆ ಬರಲಿಲ್ಲ. ಅದಾಗಿ ಎಷ್ಟೋ ವರ್ಷದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ, ಯಾರೂ ಏನೂ ಕೇಳದೆ, ನೀವೇ ಅಂದಿರಿ: "ಕೆಟ್ಟಿದ್ದು ಪಾಸ್. ನಾನು ತೆಗೆದದ್ದು ಲಿಫ್ಟರ್‌ನ." ಅಮ್ಮ ಸಾರು ಬಡಿಸುತ್ತಿದ್ದವಳು ಹಾಗೇ ನಿಂತಳು.

ನಾನು ಇವರ ಜೊತೆ ವಾದಿಸುವಾಗ ಹೇಳುವುದು ನಿಮ್ಮ ಆ ಮಾತನ್ನೇ. ಇನ್ನೊಂದನ್ನೂ ಹೇಳುತ್ತೇನೆ. ಈ ಊರು ಸಾಕು ಅಂತ ಬಿಟ್ಟುಕೊಟ್ಟ ಮೇಫೀಲ್ಡ್ ಈಗ ಟ್ಯಾಂಪಾದಲ್ಲಿ ಮಿಂಚುತ್ತಿದ್ದಾನೆ. ಹೋದ ವರ್ಷ ಅವನ ತಂಡದ ದಾಳಿಯನ್ನು ನಡೆಸುತ್ತಿದ್ದವನು ಬೇರೆ ಯಾರೂ ಅಲ್ಲ, ಇದೇ ಕನಾಲೆಸ್. ಡಾರ್ನಾಲ್ಡ್ ಮಿನೆಸೋಟಾಕ್ಕೆ ಹೋಗಿ ಈ ವರ್ಷ ಮೊದಲ ಐದಕ್ಕೆ ಐದೂ ಗೆದ್ದ. ಸಿಯಾಟಲ್‌ನ ಜೀನೊ ಸ್ಮಿತ್ ಎಷ್ಟೋ ವರ್ಷ ಬೆಂಚು ಕಾದವನು, 2022ರಲ್ಲಿ ಎದ್ದು ನಿಂತಾಗ ಅವನಿಗೆ ಪಾಠ ಹೇಳುತ್ತಿದ್ದವನೂ ಕನಾಲೆಸ್‌ನೇ. ಬೇರೆಯವರು ಎಸೆದ ಬೀಜವನ್ನು ಮೊಳೆಸಿದ ಮನುಷ್ಯ ತನ್ನ ಹೊಲದ ಸಸಿಯನ್ನು ಎರಡೇ ವಾರಕ್ಕೆ ಕಿತ್ತನಲ್ಲ ಅನ್ನುವುದೇ ನನ್ನ ಸಂಕಟ. ಐದು ವಾರ ಹೊರಗೆ ನಿಂತು ನೋಡಿದ್ದರಿಂದ ಹುಡುಗನಿಗೆ ಒಳ್ಳೆಯದೇ ಆಗಿರಬಹುದು, ಅದನ್ನು ಒಪ್ಪುತ್ತೇನೆ. ಆದರೆ ನೋಡಿದ್ದು ಸಾಕು. ಅವನಿಗೆ ಇಪ್ಪತ್ಮೂರು ವರ್ಷ. ಡಾಲ್ಟನ್ ಇನ್ನು ಎರಡು ಪಂದ್ಯ ಗೆಲ್ಲಿಸಿದರೂ ಮುಂದಿನ ವರ್ಷ ಯಾರು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಹಂಟ್‌ನಂಥವರನ್ನು ಕೋಟಿಗಟ್ಟಲೆ ಕೊಟ್ಟು ತಂದು ಗೋಡೆ ಕಟ್ಟಿದ್ದು ಈ ಹುಡುಗನಿಗಾಗಿ. ಅದರ ಹಿಂದೆ ಅವನು ಒಂದು ಹತ್ತು ಪಂದ್ಯವಾದರೂ ನಿಲ್ಲಲಿ. ಆಗಲೂ ಆಗಲಿಲ್ಲ ಅಂದರೆ ನಾನೇ ಮೊದಲು ಒಪ್ಪಿಕೊಳ್ಳುತ್ತೇನೆ.

ಮಂಗಳವಾರ ಡಾಲ್ಟನ್ ಕಾರಿಗೆ ಅಪಘಾತವಾಯಿತು. ಹೆಂಡತಿ ಮಕ್ಕಳೂ ಇದ್ದರಂತೆ, ದೇವರ ದಯೆ, ಯಾರಿಗೂ ದೊಡ್ಡ ಏಟಾಗಲಿಲ್ಲ. ಅವನ ಬಲಗೈ ಹೆಬ್ಬೆರಳು ಉಳುಕಿದೆ, ಎಸೆಯುವ ಕೈ ಅದೇ. ಹಾಗಾಗಿ ನಾಳೆ ಡೆನ್ವರ್‌ನಲ್ಲಿ ಯಂಗ್ ಆಡುತ್ತಾನೆ. ಇಂಥ ದಾರಿಯಲ್ಲಿ ಅವನಿಗೆ ಜಾಗ ಸಿಗಬೇಕು ಅಂತ ನಾನು ಎಂದೂ ಬಯಸಿರಲಿಲ್ಲ, ಡಾಲ್ಟನ್ ಬೇಗ ಗುಣವಾಗಲಿ. ಆದರೆ ಬೆರಳು ವಾಸಿಯಾದ ಮೇಲೂ ಯಂಗ್‌ನನ್ನೇ ಆಡಿಸಬೇಕು. ನಾಳೆ ಡೆನ್ವರ್‌ನಲ್ಲಿ ಸೋತರೂ ಆಡಿಸಬೇಕು. ಬಹುಶಃ ಸೋಲುತ್ತೇವೆ, ಅಲ್ಲಿಯ ತಡೆ ಗಟ್ಟಿ, ಊರೂ ಐದು ಸಾವಿರ ಅಡಿ ಎತ್ತರದ ಮೇಲಿದೆ, ಉಸಿರಾಟವೇ ಕಷ್ಟ. ಇದನ್ನು ಪಂದ್ಯಕ್ಕೆ ಮುಂಚೆಯೇ ಬರೆದು ಲಕೋಟೆ ಅಂಟಿಸುತ್ತಿದ್ದೇನೆ, ಸೋಲು ಗೆಲುವು ನೋಡಿಕೊಂಡು ಮಾತು ಬದಲಿಸಿದಳು ಅಂತ ನೀವು ಅನ್ನಬಾರದಲ್ಲ.

ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ದೀಪಾವಳಿ ಕಳೆದಿರುತ್ತದೆ. ಬುಧವಾರ ನೀರು ತುಂಬುತ್ತೇನೆ, ಹಂಡೆ ಇಲ್ಲ, ದೊಡ್ಡ ಸ್ಟೀಲಿನ ಪಾತ್ರೆಗೇ ಸುಣ್ಣದ ಗೆರೆ ಎಳೆದು ಮಾಲಿಂಗನ ಬಳ್ಳಿ ಬದಲು ಹಿತ್ತಿಲ ಯಾವುದಾದರೂ ಬಳ್ಳಿ ಸುತ್ತುತ್ತೇನೆ. ಹಬ್ಬದ ಮರುದಿನ, ನವೆಂಬರ್ 3ರ ಭಾನುವಾರ, ನ್ಯೂ ಆರ್ಲಿಯನ್ಸ್‌ನವರು ಇಲ್ಲಿಗೆ ಬರುತ್ತಾರೆ. ಅದಕ್ಕೆ ನಾಲ್ಕು ಟಿಕೆಟ್ ತೆಗೆದಿದ್ದೇವೆ, ಪಕ್ಕದ ಮನೆಯ ತಾತನೂ ಬರುತ್ತಾರೆ. ನಿಮ್ಮ ಮೊಮ್ಮಗ ಅಪ್ಪುವಿಗೆ ಜೆರ್ಸಿ ಬೇಕಂತೆ. ಯಾವ ನಂಬರು ಅಂತ ಇವರು ಕೇಳಿದರು, ಅವನು ನನ್ನನ್ನು ನೋಡದೆಯೇ ಒಂಬತ್ತು ಅಂದ.

ಕಾಲು ನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ರಾಹುಲ್ ಆಸ್ಟ್ರೇಲಿಯಾಕ್ಕೆ ಹೋಗುತ್ತಾನೆ, ಅಲ್ಲಿ ಆಡಿಸುತ್ತಾರೆ ನೋಡುತ್ತಿರಿ. ಅಮ್ಮನಿಗೆ ನಮಸ್ಕಾರ, ಚಿಕ್ಕಪ್ಪನ ಮನೆಯವರಿಗೆಲ್ಲ ಕೇಳಿದೆನೆಂದು ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು,
ಸುಮಾ